ತಿಳಿ ನೀರೆಲ್ಲ ಶುದ್ಧ ನೀರಲ್ಲ: ಉಪ್ಪಿನ ಜಾಡು ಹಿಡಿದು ಕೊಳಕನ್ನು ಪತ್ತೆ ಮಾಡಿದ ಎಲೆನ್ ರಿಚರ್ಡ್ಸ್

ಈ ವಿಡಿಯೊ ನಿಮ್ಮ ಫೋನಿಗೂ ಬಂದಿರಬಹುದು. ಎರಡು ಗಾಜಿನ ಲೋಟಗಳು. ಒಂದರಲ್ಲಿ ನಲ್ಲಿ ನೀರು, ಇನ್ನೊಂದರಲ್ಲಿ ಆರ್‌ಒ ಫಿಲ್ಟರ್ ನೀರು. ಮಾರಾಟಗಾರ ಎರಡಕ್ಕೂ ಲೋಹದ ಕಡ್ಡಿಗಳನ್ನು ಇಳಿಸಿ ಕರೆಂಟ್ ಹಾಕುತ್ತಾನೆ. ಸ್ವಲ್ಪ ಹೊತ್ತಿಗೆ ನಲ್ಲಿ ನೀರು ಕಂದು ಬಣ್ಣಕ್ಕೆ ತಿರುಗಿ ಕೆಸರಿನಂತಾಗುತ್ತದೆ. ಆರ್‌ಒ ನೀರು ಇದ್ದ ಹಾಗೇ ಇರುತ್ತದೆ. ನೋಡಿದವರ ಹೊಟ್ಟೆ ತೊಳಸುತ್ತದೆ, ಕೂಡಲೇ ನಾಲ್ಕು ಗ್ರೂಪಿಗೆ ಫಾರ್ವರ್ಡ್ ಆಗುತ್ತದೆ.

ಆದರೆ ಆ ಕಂದು ಬಣ್ಣ ನೀರಿನಲ್ಲಿದ್ದ ಕೊಳಕಲ್ಲ. ಕರೆಂಟ್ ಹರಿದಾಗ ಕಡ್ಡಿಯ ಕಬ್ಬಿಣ ಸವೆದು ಹುಟ್ಟಿದ ತುಕ್ಕು. ನಲ್ಲಿ ನೀರಿನಲ್ಲಿ ಸಹಜವಾಗಿಯೇ ಲವಣಗಳು ಇರುವುದರಿಂದ ಅದರಲ್ಲಿ ಕರೆಂಟ್ ಹರಿಯುತ್ತದೆ. ಆರ್‌ಒ ನೀರಿನಲ್ಲಿ ಲವಣ ತೀರ ಕಡಿಮೆ, ಹಾಗಾಗಿ ಅಲ್ಲಿ ಏನೂ ಆಗುವುದಿಲ್ಲ. ಅದೇ ಆರ್‌ಒ ನೀರಿಗೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ನೋಡಿ, ಅದೂ ಕಂದಾಗುತ್ತದೆ.

ಹಾಗಾದರೆ ನೀರಿನಲ್ಲಿ ಕಣ್ಣಿಗೆ ಕಾಣದ ಕೊಳಕು ಇದೆಯೋ ಇಲ್ಲವೋ ಎಂದು ನಿಜವಾಗಿ ಕಂಡುಹಿಡಿಯುವುದು ಹೇಗೆ? ಈ ಪ್ರಶ್ನೆಗೆ ಸುಮಾರು 140 ವರ್ಷಗಳ ಹಿಂದೆ ಅಮೆರಿಕದಲ್ಲಿ ದೊಡ್ಡ ಮಟ್ಟದಲ್ಲಿ ಉತ್ತರ ಹುಡುಕಿದವರಲ್ಲಿ ಒಬ್ಬ ಮಹಿಳೆ ಇದ್ದರು. ಅವರ ಹೆಸರು ಎಲೆನ್ ಸ್ವಾಲೋ ರಿಚರ್ಡ್ಸ್. ವಿಚಿತ್ರವೆಂದರೆ ಅವರೂ ನೋಡಿದ್ದು ಉಪ್ಪನ್ನೇ. ಆದರೆ ಹೆದರಿಸುವುದಕ್ಕಲ್ಲ, ಲೆಕ್ಕ ಹಾಕುವುದಕ್ಕೆ. ಅವರ ಬದುಕಿನ ಕಥೆಯನ್ನೂ, ಅವರ ಲೆಕ್ಕ ಇವತ್ತಿಗೂ ನಮ್ಮ ಬಾವಿ, ಬೋರ್‌ವೆಲ್‌ಗಳಿಗೆ ಹೇಗೆ ಉಪಯೋಗಕ್ಕೆ ಬರುತ್ತದೆ ಎಂಬುದನ್ನೂ ಈ ಲೇಖನದಲ್ಲಿ ನೋಡೋಣ.

ಹಣ ಕೂಡಿಟ್ಟು ಕಾಲೇಜಿಗೆ ಹೋದ ಹುಡುಗಿ

ಎಲೆನ್ ಹುಟ್ಟಿದ್ದು 1842ರ ಡಿಸೆಂಬರ್ 3ರಂದು, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಡನ್‌ಸ್ಟಬಲ್ ಎಂಬ ಹಳ್ಳಿಯಲ್ಲಿ. ತಂದೆ ತಾಯಿಗೆ ಒಬ್ಬಳೇ ಮಗಳು. ಇಬ್ಬರೂ ಪಾಠ ಹೇಳಿಕೊಟ್ಟ ಅನುಭವ ಇದ್ದವರು, ಹಾಗಾಗಿ ಮೊದಲ ಓದೆಲ್ಲ ಮನೆಯಲ್ಲೇ ಆಯಿತು. ಮುಂದೆ ಕುಟುಂಬ ವೆಸ್ಟ್‌ಫರ್ಡ್ ಎಂಬ ಊರಿಗೆ ಬಂತು. ಅಲ್ಲಿ ತಂದೆ ಅಂಗಡಿ ಇಟ್ಟರು. ಮಗಳು ಅಂಗಡಿಯಲ್ಲೂ ಕೆಲಸ ಮಾಡುತ್ತ ಅಲ್ಲಿನ ಶಾಲೆಗೆ ಹೋದಳು.

ಶಾಲೆ ಮುಗಿದ ಮೇಲೆ ಮುಂದೇನು? ಆ ಕಾಲದಲ್ಲಿ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುವ ಕಾಲೇಜುಗಳು ಬೆರಳೆಣಿಕೆಯಷ್ಟು ಮಾತ್ರ. ಎಲೆನ್ ವರ್ಷಗಟ್ಟಲೆ ಪಾಠ ಹೇಳಿ, ಮನೆಗೆಲಸ ಮಾಡಿ ಹಣ ಕೂಡಿಟ್ಟರು. 1868ರಲ್ಲಿ, ತಮ್ಮ 25ನೇ ವಯಸ್ಸಿನಲ್ಲಿ, ನ್ಯೂಯಾರ್ಕ್ ರಾಜ್ಯದ ವಾಸರ್ ಮಹಿಳಾ ಕಾಲೇಜಿಗೆ ಸೇರಿದರು. ಅಲ್ಲಿ ಅವರಿಗೆ ಖಗೋಳ ವಿಜ್ಞಾನ ಕಲಿಸಿದವರು ಧೂಮಕೇತುವೊಂದನ್ನು ಕಂಡುಹಿಡಿದು ಹೆಸರಾಗಿದ್ದ ಮರಿಯಾ ಮಿಚೆಲ್. ರಸಾಯನಶಾಸ್ತ್ರ ಕಲಿಸಿದವರು ಚಾರ್ಲ್ಸ್ ಫರಾರ್. ವಿಜ್ಞಾನ ಜನರ ದಿನನಿತ್ಯದ ತೊಂದರೆಗಳನ್ನು ಬಿಡಿಸಬೇಕು ಎಂಬುದು ಫರಾರ್ ಅವರ ನಂಬಿಕೆ. ಎಲೆನ್ ನಕ್ಷತ್ರಗಳನ್ನು ಬಿಟ್ಟು ರಸಾಯನಶಾಸ್ತ್ರವನ್ನೇ ಹಿಡಿದರು. 1870ರಲ್ಲಿ ಪದವಿ ಪಡೆದರು.

ಫೀಸ್ ಇಲ್ಲದ ಸೀಟಿನ ಗುಟ್ಟು

ಪದವಿಯ ನಂತರ ಎಲೆನ್ ಬಾಸ್ಟನ್ನಿನ ಎಂಐಟಿಗೆ ಅರ್ಜಿ ಹಾಕಿದರು. ಆಗ ಅಲ್ಲಿ ಒಬ್ಬ ಹೆಣ್ಣುಮಗಳೂ ಓದುತ್ತಿರಲಿಲ್ಲ. ಸಂಸ್ಥೆ ಅವರನ್ನು ವಿಶೇಷ ವಿದ್ಯಾರ್ಥಿನಿ ಎಂದು ಸೇರಿಸಿಕೊಂಡಿತು, ಫೀಸ್ ಕೂಡ ಬೇಡ ಎಂದಿತು. ತಾವು ಬಡವರು ಎಂಬ ಕಾರಣಕ್ಕೆ ಈ ರಿಯಾಯಿತಿ ಸಿಕ್ಕಿದೆ ಎಂದು ಎಲೆನ್ ತಿಳಿದರು.

ನಿಜವಾದ ಕಾರಣ ಗೊತ್ತಾಗಿದ್ದು ಆಮೇಲೆ. ಫೀಸ್ ತೆಗೆದುಕೊಂಡರೆ ಅವರ ಹೆಸರನ್ನು ವಿದ್ಯಾರ್ಥಿಗಳ ಪಟ್ಟಿಯಲ್ಲಿ ಬರೆಯಬೇಕಾಗುತ್ತಿತ್ತು. ಹೆಂಗಸನ್ನು ಸೇರಿಸಿದ್ದೇಕೆ ಎಂದು ಯಾರಾದರೂ ತಕರಾರು ತೆಗೆದರೆ, ಆಕೆ ನಮ್ಮ ವಿದ್ಯಾರ್ಥಿನಿಯೇ ಅಲ್ಲ ಎಂದು ಹೇಳಿ ಕೈತೊಳೆದುಕೊಳ್ಳಲು ಈ ದಾರಿ ಇಟ್ಟುಕೊಂಡಿದ್ದರು. ಮೊದಲೇ ತಿಳಿದಿದ್ದರೆ ತಾವು ಸೇರುತ್ತಲೇ ಇರಲಿಲ್ಲ ಎಂದು ಎಲೆನ್ ಮುಂದೆ ಹೇಳಿಕೊಂಡಿದ್ದಾರೆ.

ಲ್ಯಾಬಿನಲ್ಲಿ ಅವರು ಬೇರೆಯಾಗಿಯೇ ಕೆಲಸ ಮಾಡಬೇಕಿತ್ತು. ಜಗಳ ಮಾಡಿದರೆ ಇರುವ ಬಾಗಿಲೂ ಮುಚ್ಚುತ್ತದೆ ಎಂದು ಅವರಿಗೆ ಗೊತ್ತಿತ್ತು. ಮೇಜು ಒರೆಸುವುದು, ಪ್ರೊಫೆಸರರ ಕಾಗದ ಹೊಲಿದುಕೊಡುವುದು, ಗಾಯವಾದ ಬೆರಳಿಗೆ ಬಟ್ಟೆ ಕಟ್ಟುವುದು, ಹೀಗೆ ಸಣ್ಣಪುಟ್ಟ ಸಹಾಯ ಮಾಡುತ್ತ ತಮ್ಮ ಇರುವಿಕೆ ಯಾರಿಗೂ ತೊಡಕಾಗದಂತೆ ನೋಡಿಕೊಂಡರು. ಜೊತೆಗೆ ಲ್ಯಾಬಿನ ಕೆಲಸದಲ್ಲಿ ಎಲ್ಲರಿಗಿಂತ ಚೊಕ್ಕ ಎನಿಸಿಕೊಂಡರು. 1873ರಲ್ಲಿ ಎಂಐಟಿಯಿಂದ ವಿಜ್ಞಾನ ಪದವಿ ಪಡೆದ ಮೊದಲ ಮಹಿಳೆಯಾದರು. ಅದೇ ವರ್ಷ ವಾಸರ್ ಕಾಲೇಜು, ಕಬ್ಬಿಣದ ಅದಿರಿನಲ್ಲಿ ವೆನೇಡಿಯಂ ಅಳೆದ ಅವರ ಪ್ರಬಂಧಕ್ಕೆ ಸ್ನಾತಕೋತ್ತರ ಪದವಿ ಕೊಟ್ಟಿತು. ಎಂಐಟಿಯಲ್ಲೇ ಮುಂದೆ ಓದಿದರೂ ಡಾಕ್ಟರೇಟ್ ಮಾತ್ರ ಸಿಗಲಿಲ್ಲ. ಅಲ್ಲಿನ ರಸಾಯನಶಾಸ್ತ್ರದ ಮೊದಲ ಡಾಕ್ಟರೇಟ್ ಒಬ್ಬ ಹೆಂಗಸಿಗೆ ಹೋಗುವುದು ಹಿರಿಯರಿಗೆ ಇಷ್ಟವಿರಲಿಲ್ಲ ಎಂದು ಅವರ ಪತಿ ಮುಂದೆ ಬರೆದಿದ್ದಾರೆ. ಪತಿ ರಾಬರ್ಟ್ ರಿಚರ್ಡ್ಸ್ ಅದೇ ಸಂಸ್ಥೆಯ ಗಣಿಗಾರಿಕೆ ಪ್ರೊಫೆಸರ್. ಇಬ್ಬರ ಮದುವೆ ಆಗಿದ್ದು 1875ರಲ್ಲಿ.

ಬಾಟಲಿಗಳ ಮುಂದೆ ಮೊದಲ ಪಾಠ

ಮ್ಯಾಸಚೂಸೆಟ್ಸ್‌ನಲ್ಲಿ ಆಗ ಬಟ್ಟೆ ಗಿರಣಿಗಳ ಕಾಲ. ನದಿ ದಂಡೆಯ ಊರುಗಳು ದಿನದಿಂದ ದಿನಕ್ಕೆ ಬೆಳೆಯುತ್ತಿದ್ದವು. ಮೇಲಿನ ಊರು ಚರಂಡಿಯನ್ನು ನದಿಗೆ ಬಿಡುತ್ತಿತ್ತು, ಕೆಳಗಿನ ಊರು ಅದೇ ನದಿಯ ನೀರು ಕುಡಿಯುತ್ತಿತ್ತು. ಟೈಫಾಯ್ಡ್ ವರ್ಷವರ್ಷವೂ ಜನರನ್ನು ಬಲಿ ತೆಗೆದುಕೊಳ್ಳುತ್ತಿತ್ತು. ನೀರು ನೋಡಲು ತಿಳಿಯಾಗಿದೆ, ವಾಸನೆ ಇಲ್ಲ, ರುಚಿ ಚೆನ್ನಾಗಿದೆ ಎಂದರೆ ಕುಡಿಯಬಹುದು ಎಂಬುದೇ ಹೆಚ್ಚಿನವರ ನಂಬಿಕೆಯಾಗಿತ್ತು.

1872ರಲ್ಲಿ ರಾಜ್ಯ ಆರೋಗ್ಯ ಮಂಡಳಿ ನೀರಿನ ಪರೀಕ್ಷೆಯ ಕೆಲಸವನ್ನು ಎಂಐಟಿಯ ಪ್ರೊಫೆಸರ್ ವಿಲಿಯಂ ರಿಪ್ಲಿ ನಿಕೋಲ್ಸ್ ಅವರಿಗೆ ವಹಿಸಿತು. ನಿಕೋಲ್ಸ್ ಎಲೆನ್ ಅವರನ್ನು ಸಹಾಯಕ್ಕೆ ಕರೆದರು. ಇನ್ನೂ ಪದವಿ ಕೈಗೆ ಬಂದಿರದ ಎಲೆನ್ ಬಾಟಲಿಗಳ ಮುಂದೆ ಕೂತು ನೀರಿನ ವಿಶ್ಲೇಷಣೆ ಕಲಿತರು.

1876ರಲ್ಲಿ ಬಾಸ್ಟನ್ನಿನ ಮಹಿಳಾ ಶಿಕ್ಷಣ ಸಂಘದ ನೆರವಿನಿಂದ ಎಂಐಟಿಯಲ್ಲಿ ಹೆಣ್ಣುಮಕ್ಕಳಿಗೆಂದೇ ಒಂದು ಲ್ಯಾಬ್ ತೆರೆಯಿತು. ಅದರ ಹಿಂದೆ ಇದ್ದವರೂ ಎಲೆನ್. ಸಂಬಳವಿಲ್ಲದೆ ಪಾಠ ಮಾಡಿದರು, ಖರ್ಚಿಗೆ ತಮ್ಮ ಕೈಯಿಂದಲೂ ಹಣ ಹಾಕಿದರು. ಗೋಡೆಗೆ ಅಂಟಿಸುವ ಬಣ್ಣದ ಕಾಗದದಲ್ಲಿ, ಬಟ್ಟೆಗಳಲ್ಲಿ ಆರ್ಸೆನಿಕ್ ವಿಷ ಇದೆಯೇ, ದಿನಸಿಯಲ್ಲಿ ಕಲಬೆರಕೆ ಇದೆಯೇ ಎಂದು ಪರೀಕ್ಷಿಸಿದರು. 1883ರಲ್ಲಿ ಈ ಲ್ಯಾಬ್ ಮುಚ್ಚಿತು. ಕಾರಣ ಒಳ್ಳೆಯದೇ, ಹೆಣ್ಣುಮಕ್ಕಳು ಗಂಡುಮಕ್ಕಳ ಜೊತೆಯಲ್ಲೇ ಓದಬಹುದು ಎಂದು ಸಂಸ್ಥೆ ಒಪ್ಪಿಕೊಂಡಿತ್ತು. ಆದರೆ ಎಲೆನ್ ಅವರಿಗೆ ಇದ್ದ ಕೆಲಸ ಹೋಯಿತು. ಮರುವರ್ಷ, 1884ರಲ್ಲಿ, ಹೊಸದಾಗಿ ಶುರುವಾದ ನೈರ್ಮಲ್ಯ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಅವರನ್ನು ಬೋಧಕಿಯಾಗಿ ನೇಮಿಸಿದರು.

ಕೊಳಕಿಗೆ ಹೆಜ್ಜೆ ಗುರುತು ಇರುತ್ತದೆಯೇ?

1887ರಲ್ಲಿ ರಾಜ್ಯ ಆರೋಗ್ಯ ಮಂಡಳಿ ದೊಡ್ಡ ಕೆಲಸವೊಂದಕ್ಕೆ ಕೈಹಾಕಿತು. ಇಡೀ ರಾಜ್ಯದ ನದಿ, ಕೆರೆ, ಬಾವಿ, ಊರಿನ ನೀರು ಸರಬರಾಜು, ಎಲ್ಲದರ ಪರೀಕ್ಷೆ ಆಗಬೇಕಿತ್ತು. ಅದೂ ಒಂದು ಸಲ ಅಲ್ಲ, ಮತ್ತೆ ಮತ್ತೆ. ಮುಖ್ಯಸ್ಥರು ಪ್ರೊಫೆಸರ್ ಥಾಮಸ್ ಡ್ರೌನ್. ಲ್ಯಾಬಿನ ದಿನನಿತ್ಯದ ಹೊಣೆ ಎಲೆನ್ ಅವರದು. ರಾಜ್ಯದ ಮೂಲೆಮೂಲೆಯಿಂದ ಬಾಟಲಿಗಳು ಬಂದವು. ಹೊತ್ತು ಕಳೆದಂತೆ ಬಾಟಲಿಯೊಳಗಿನ ನೀರೂ ಬದಲಾಗುವುದರಿಂದ ಬಂದ ಕೂಡಲೇ ಪರೀಕ್ಷಿಸಬೇಕಿತ್ತು. ವರ್ಷಗಳು ಕಳೆದಂತೆ ಸ್ಯಾಂಪಲ್‌ಗಳ ಲೆಕ್ಕ ಹತ್ತಾರು ಸಾವಿರ ದಾಟಿತು.

ನೀರಿನಲ್ಲಿ ಅವರು ಹುಡುಕುತ್ತಿದ್ದುದು ಏನನ್ನು? ಟೈಫಾಯ್ಡ್ ತರುವ ರೋಗಾಣುವನ್ನು ನೀರಿನಲ್ಲಿ ನೇರವಾಗಿ ಹಿಡಿಯುವುದು ಆಗ ಬಲು ಕಷ್ಟ. ಹಾಗಾಗಿ ಮನುಷ್ಯರ ಮಲಮೂತ್ರ ನೀರಿಗೆ ಸೇರಿದ್ದರೆ ಅದು ಬಿಟ್ಟುಹೋಗುವ ಗುರುತುಗಳನ್ನು ಹುಡುಕಬೇಕಿತ್ತು.

ಮೊದಲ ಗುರುತು ಅಮೋನಿಯಾ. ಹೊಸದಾಗಿ ಸೇರಿದ ಚರಂಡಿ ನೀರಿನಲ್ಲಿ ಇದು ಜಾಸ್ತಿ. ನೆಸ್ಲರ್ ದ್ರಾವಣ ಎಂಬ ರಾಸಾಯನಿಕ ಹಾಕಿದರೆ ನೀರು ಹಳದಿಯಿಂದ ಕಂದು ಬಣ್ಣಕ್ಕೆ ತಿರುಗುತ್ತದೆ. ವಿಡಿಯೊದ ತುಕ್ಕಿನ ಬಣ್ಣಕ್ಕೂ ಇದಕ್ಕೂ ವ್ಯತ್ಯಾಸವಿದೆ: ಇಲ್ಲಿ ಬಣ್ಣ ಎಷ್ಟು ಗಾಢವೋ ಅಮೋನಿಯಾ ಅಷ್ಟು ಹೆಚ್ಚು, ಹಾಗಾಗಿ ಅದನ್ನು ಅಳೆಯಬಹುದು. ಎರಡನೆಯ ಗುರುತು ನೈಟ್ರೇಟ್. ಮಣ್ಣು ಮತ್ತು ನೀರಿನ ಸೂಕ್ಷ್ಮಜೀವಿಗಳು ಅಮೋನಿಯಾವನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಅಂದರೆ ಅಮೋನಿಯಾ ಜಾಸ್ತಿ ಇದ್ದರೆ ಕೊಳಕು ಈಗಷ್ಟೇ ಸೇರಿದೆ ಎಂಬ ಸುಳಿವು, ನೈಟ್ರೇಟ್ ಜಾಸ್ತಿ ಇದ್ದರೆ ಹಿಂದೆ ಸೇರಿತ್ತು ಎಂಬ ಸುಳಿವು.

ಮೂರನೆಯ ಗುರುತು ನಮ್ಮ ಅಡುಗೆ ಮನೆಯದೇ. ಉಪ್ಪು. ಇನ್ನೂ ಸರಿಯಾಗಿ ಹೇಳಬೇಕೆಂದರೆ ಉಪ್ಪಿನಲ್ಲಿರುವ ಕ್ಲೋರೈಡ್. ನಾವು ಊಟದಲ್ಲಿ ತಿಂದ ಉಪ್ಪಿನ ಹೆಚ್ಚಿನ ಪಾಲು ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಅಲ್ಲಿಂದ ಮುಂದೆ ಅದು ಸುಲಭವಾಗಿ ಮಾಯವಾಗುವುದಿಲ್ಲ. ಸೂಕ್ಷ್ಮಜೀವಿಗಳು ಅದನ್ನು ತಿಂದು ಮುಗಿಸುವುದಿಲ್ಲ, ಆವಿಯಾಗಿ ಹಾರಿಹೋಗುವುದಿಲ್ಲ, ಮಣ್ಣೂ ಹಿಡಿದಿಟ್ಟುಕೊಳ್ಳುವುದು ಕಡಿಮೆ. ಶೌಚಾಲಯದ ಗುಂಡಿಯಿಂದ ಬಸಿದ ನೀರು ಮಣ್ಣಿನಲ್ಲಿ ಸೋಸಿ ತಿಳಿಯಾಗಿ ಬಾವಿ ಸೇರಬಹುದು, ವಾಸನೆಯೂ ಹೋಗಿರಬಹುದು. ಕ್ಲೋರೈಡ್ ಮಾತ್ರ ಉಳಿದಿರುತ್ತದೆ.

ಇದನ್ನು ಅಳೆಯುವ ವಿಧಾನ ಎಲೆನ್ ಕಾಲಕ್ಕಾಗಲೇ ಗೊತ್ತಿತ್ತು. ನೀರಿಗೆ ಸ್ವಲ್ಪ ಹಳದಿ ಬಣ್ಣದ ಕ್ರೋಮೇಟ್ ಹಾಕಿ, ಸಿಲ್ವರ್ ನೈಟ್ರೇಟ್ ದ್ರಾವಣವನ್ನು ಹನಿಹನಿಯಾಗಿ ಬಿಡಬೇಕು. ಕ್ಲೋರೈಡ್ ಇರುವವರೆಗೂ ಬಿಳಿ ಕಣಗಳು ಹುಟ್ಟುತ್ತವೆ. ಕ್ಲೋರೈಡ್ ಮುಗಿದ ಕೂಡಲೇ ಇಟ್ಟಿಗೆಯಂಥ ಕೆಂಪು ಛಾಯೆ ಕಾಣುತ್ತದೆ. ಎಷ್ಟು ದ್ರಾವಣ ಹಿಡಿಯಿತು ಎಂಬುದರಿಂದ ಎಷ್ಟು ಕ್ಲೋರೈಡ್ ಇತ್ತು ಎಂದು ಲೆಕ್ಕ ಸಿಗುತ್ತದೆ. ನಮ್ಮ ಕಾಲೇಜು ಲ್ಯಾಬುಗಳಲ್ಲಿ ಇವತ್ತಿಗೂ ಈ ಪ್ರಯೋಗ ಮಾಡಿಸುತ್ತಾರೆ.

ಸಮುದ್ರದ ಉಪ್ಪೋ, ಮನುಷ್ಯರ ಉಪ್ಪೋ?

ಇಲ್ಲೊಂದು ತೊಡಕು ಇತ್ತು. ಮ್ಯಾಸಚೂಸೆಟ್ಸ್ ಕಡಲತೀರದ ರಾಜ್ಯ. ಸಮುದ್ರದ ಗಾಳಿ ಉಪ್ಪಿನ ಕಣಗಳನ್ನು ಹೊತ್ತು ತರುತ್ತದೆ, ಮಳೆಯೊಂದಿಗೆ ಅವು ನೆಲಕ್ಕೆ ಬೀಳುತ್ತವೆ. ಕಡಲ ಪಕ್ಕದ ಶುದ್ಧ ಕೆರೆಯಲ್ಲೂ ಕ್ಲೋರೈಡ್ ಇದ್ದೇ ಇರುತ್ತದೆ. ಹಾಗಿರುವಾಗ ಬಾವಿಯಲ್ಲಿ ಸಿಕ್ಕ ಉಪ್ಪು ಸಮುದ್ರದ್ದೋ, ಪಕ್ಕದ ಗುಂಡಿಯದ್ದೋ ಎಂದು ಹೇಳುವುದು ಹೇಗೆ?

ಸರ್ವೆಯ ತಂಡ ಜನವಸತಿ ಇಲ್ಲದ ಕಡೆಯ, ಕೊಳಕು ಸೇರಲು ಅವಕಾಶವೇ ಇಲ್ಲದ ನೀರಿನ ಅಂಕಿಗಳನ್ನು ಬೇರೆ ತೆಗೆದು ನಕ್ಷೆಯ ಮೇಲೆ ಗುರುತು ಹಾಕಿತು. ಒಂದೇ ಅಂಕಿ ಬಂದ ಜಾಗಗಳನ್ನು ಗೆರೆ ಎಳೆದು ಸೇರಿಸಿದಾಗ ಅಚ್ಚುಕಟ್ಟಾದ ಚಿತ್ರ ಮೂಡಿತು. ಗೆರೆಗಳು ಹೆಚ್ಚುಕಡಿಮೆ ಕಡಲತೀರದ ಜೊತೆಜೊತೆಗೇ ಸಾಗಿದ್ದವು. ತೀರದಲ್ಲಿ ಕ್ಲೋರೈಡ್ ಹೆಚ್ಚು, ಒಳನಾಡಿಗೆ ಹೋದಂತೆ ಕಡಿಮೆ, ಪಶ್ಚಿಮದ ಬೆಟ್ಟಗಳಲ್ಲಿ ತೀರ ಕಡಿಮೆ. ಇದಕ್ಕೆ ಸಹಜ ಕ್ಲೋರಿನ್ ನಕ್ಷೆ ಎಂಬ ಹೆಸರು ಬಂತು.

ಈಗ ಕೆಲಸ ಸುಲಭವಾಯಿತು. ಉದಾಹರಣೆಗೆ, ಒಂದು ಲೀಟರ್ ನೀರಿನಲ್ಲಿ 10 ಮಿಲಿಗ್ರಾಂ ಕ್ಲೋರೈಡ್ ಸಿಕ್ಕಿತು ಅಂದುಕೊಳ್ಳೋಣ. ಕಡಲ ಪಕ್ಕದ ಬಾವಿಯಲ್ಲಿ ಅದು ಮಾಮೂಲು, ಚಿಂತೆ ಬೇಡ. ಅದೇ 10 ಮಿಲಿಗ್ರಾಂ ಒಳನಾಡಿನ ಬೆಟ್ಟದ ಊರಿನಲ್ಲಿ ಸಿಕ್ಕರೆ, ಅಲ್ಲಿನ ಸಹಜ ಮಟ್ಟಕ್ಕಿಂತ ಬಹಳ ಹೆಚ್ಚು. ಆ ಹೆಚ್ಚುವರಿ ಉಪ್ಪು ಮನುಷ್ಯರಿಂದ ಬಂದಿರುವ ಸಂಭವವೇ ಜಾಸ್ತಿ. ಬಾವಿಯ ಸುತ್ತ ಹುಡುಕಿದರೆ ಚರಂಡಿಯೋ ಗುಂಡಿಯೋ ಸಿಗುತ್ತದೆ. ಅಂಕಿ ಒಂದೇ, ಅರ್ಥ ಬೇರೆ ಬೇರೆ. ಈ ಕೆಲಸದಿಂದ ನಾವು ಕಲಿಯಬೇಕಾದ ಮುಖ್ಯ ಪಾಠ ಇದೇ: ನೀರಿನ ರಿಪೋರ್ಟಿನಲ್ಲಿರುವ ಒಂದು ಅಂಕಿ ತಾನಾಗಿಯೇ ಏನನ್ನೂ ಹೇಳುವುದಿಲ್ಲ. ಆ ಜಾಗದಲ್ಲಿ ಸಹಜವಾಗಿ ಎಷ್ಟಿರಬೇಕು ಎಂದು ಗೊತ್ತಿದ್ದರೆ ಮಾತ್ರ ಅದು ಮಾತಾಡುತ್ತದೆ.

ಎರಡು ಮಾತು ಸ್ಪಷ್ಟಪಡಿಸಬೇಕು. ಒಂದು, ಇಲ್ಲಿ ಕ್ಲೋರಿನ್ ಎಂದರೆ ನಲ್ಲಿ ನೀರಿನಲ್ಲಿ ವಾಸನೆ ಬರುವ ಕ್ಲೋರಿನ್ ಅಲ್ಲ. ಅದನ್ನು ರೋಗಾಣು ಕೊಲ್ಲಲು ನಾವೇ ಬೆರೆಸುತ್ತೇವೆ. ಅಮೆರಿಕದಲ್ಲಿ ಒಂದು ನಗರದ ನೀರಿಗೆ ದೊಡ್ಡ ಪ್ರಮಾಣದಲ್ಲಿ ಹಾಗೆ ಬೆರೆಸಲು ಶುರು ಮಾಡಿದ್ದು 1908ರಲ್ಲಿ, ಜರ್ಸಿ ಸಿಟಿಯಲ್ಲಿ. ಎರಡು, ಈ ನಕ್ಷೆಯ ವಿಧಾನ ಎಲ್ಲ ಕಡೆ ನಡೆಯುವುದಿಲ್ಲ. ಮ್ಯಾಸಚೂಸೆಟ್ಸ್‌ನ ಕಲ್ಲುಮಣ್ಣಿನಲ್ಲಿ ಉಪ್ಪು ಕಡಿಮೆ, ಹಾಗಾಗಿ ಅಲ್ಲಿ ನಡೆಯಿತು. ನೆಲದಲ್ಲೇ ಉಪ್ಪಿರುವ ಕಡೆ ಇಂಥ ಗೆರೆಗಳನ್ನು ಎಳೆಯಲಾಗದು.

ಪತ್ತೆ ಮಾಡಿದ ಮೇಲೆ ತೆಗೆಯಬೇಕಲ್ಲ?

ಅದೇ 1887ರಲ್ಲಿ ರಾಜ್ಯ ಆರೋಗ್ಯ ಮಂಡಳಿ ಮೆರಿಮ್ಯಾಕ್ ನದಿಯ ದಂಡೆಯ ಲಾರೆನ್ಸ್ ಊರಿನಲ್ಲಿ ಪ್ರಯೋಗ ಕೇಂದ್ರವನ್ನು ಶುರು ಮಾಡಿತು. ಚರಂಡಿ ನೀರನ್ನು ದೊಡ್ಡ ತೊಟ್ಟಿಗಳ ಮರಳಿನ ಮೇಲೆ ಹರಿಸಿ ಏನಾಗುತ್ತದೆ ಎಂದು ವರ್ಷಗಟ್ಟಲೆ ನೋಡಿದರು. ಮರಳು ಬರೀ ಜರಡಿಯಂತೆ ಕೆಲಸ ಮಾಡುವುದಿಲ್ಲ, ಅದರ ಕಣಗಳ ಮೇಲೆ ಬೆಳೆಯುವ ಸೂಕ್ಷ್ಮಜೀವಿಗಳು ಕೊಳಕನ್ನು ತಿಂದು ಕರಗಿಸುತ್ತವೆ ಎಂದು ತಿಳಿಯಿತು. ತಿಳಿದದ್ದು ಹೇಗೆ? ಮೇಲೆ ಹಾಕಿದ ನೀರಿನಲ್ಲಿ ಅಮೋನಿಯಾ ಹೆಚ್ಚಿತ್ತು. ಕೆಳಗೆ ಬಂದ ನೀರಿನಲ್ಲಿ ಅಮೋನಿಯಾ ಇಳಿದು ನೈಟ್ರೇಟ್ ಏರಿತ್ತು. ಎಲೆನ್ ಅವರ ಲ್ಯಾಬಿನಲ್ಲಿ ದಿನವೂ ನಡೆಯುತ್ತಿದ್ದ ಬಗೆಯ ಪರೀಕ್ಷೆಗಳೇ ಇಲ್ಲಿ ದಾರಿ ತೋರಿಸಿದವು.

ಇದಕ್ಕೆ ಪರೀಕ್ಷೆಯ ಕಾಲ ಬೇಗನೇ ಬಂತು. 1890ರಿಂದ 91ರ ಚಳಿಗಾಲದಲ್ಲಿ ಮೆರಿಮ್ಯಾಕ್ ದಂಡೆಯ ಲೋವೆಲ್ ಮತ್ತು ಲಾರೆನ್ಸ್ ಊರುಗಳಲ್ಲಿ ಟೈಫಾಯ್ಡ್ ಹಬ್ಬಿತು. ಲೋವೆಲ್ ನದಿಯ ಮೇಲ್ಭಾಗದಲ್ಲಿದೆ. ಅಲ್ಲಿನ ಚರಂಡಿ ನದಿಗೆ, ಆ ನದಿ ಲಾರೆನ್ಸ್ ಜನರ ಬಾಯಿಗೆ. ಎಂಐಟಿಯ ಜೀವವಿಜ್ಞಾನಿ ವಿಲಿಯಂ ಸೆಡ್ಜ್‌ವಿಕ್ ಈ ನಂಟನ್ನು ಬಿಡಿಸಿ ತೋರಿಸಿದರು. 1893ರಲ್ಲಿ ಲಾರೆನ್ಸ್ ಊರಿಗೆ ದೊಡ್ಡ ಮರಳಿನ ಫಿಲ್ಟರ್ ಬಂತು. ಆಮೇಲಿನ ವರ್ಷಗಳಲ್ಲಿ ಅಲ್ಲಿ ಟೈಫಾಯ್ಡ್‌ನಿಂದ ಸಾಯುವವರ ಸಂಖ್ಯೆ ಗಣನೀಯವಾಗಿ ಇಳಿಯಿತು.

1890ರಲ್ಲಿ ಎಂಐಟಿ ನೈರ್ಮಲ್ಯ ಎಂಜಿನಿಯರಿಂಗ್ ಕೋರ್ಸ್ ಶುರು ಮಾಡಿದಾಗ ನೀರು, ಗಾಳಿ, ಚರಂಡಿ ನೀರಿನ ಪರೀಕ್ಷೆ ಕಲಿಸಿದವರು ಎಲೆನ್. ಅವರ ಕೈಯಲ್ಲಿ ಕಲಿತವರು ಊರೂರುಗಳ ನೀರು ಸರಬರಾಜಿನ ಕೆಲಸಕ್ಕೆ ಹೋದರು. 1900ರಲ್ಲಿ ಸಹೋದ್ಯೋಗಿ ವುಡ್‌ಮನ್ ಜೊತೆ ಗಾಳಿ, ನೀರು, ಆಹಾರದ ಪರೀಕ್ಷೆ ಬಗ್ಗೆ ಪಠ್ಯಪುಸ್ತಕ ಬರೆದರು. ಮನೆಯೊಳಗಿನ ವಿಜ್ಞಾನವನ್ನು ಗೃಹಿಣಿಯರಿಗೆ ಮುಟ್ಟಿಸಬೇಕೆಂದು ಅಡುಗೆ ಮತ್ತು ಶುಚಿತ್ವದ ರಸಾಯನಶಾಸ್ತ್ರದ ಪುಸ್ತಕವನ್ನು 1882ರಲ್ಲೇ ತಂದಿದ್ದರು. 1908ರಲ್ಲಿ ಅಮೆರಿಕದ ಗೃಹವಿಜ್ಞಾನ ಸಂಘ ಹುಟ್ಟಿದಾಗ ಅವರೇ ಮೊದಲ ಅಧ್ಯಕ್ಷೆ.

1910ರಲ್ಲಿ ಸ್ಮಿತ್ ಕಾಲೇಜು ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಮರುವರ್ಷ, 1911ರ ಮಾರ್ಚ್ 30ರಂದು, ಹೃದಯದ ಕಾಯಿಲೆಯಿಂದ ತೀರಿಕೊಂಡರು. ಆಗ ಅವರಿಗೆ 68 ವರ್ಷ. ಎಂಐಟಿಯಲ್ಲಿ 27 ವರ್ಷ ಕಲಿಸಿದರೂ ಕೊನೆಯವರೆಗೂ ಅವರ ಹುದ್ದೆ ಬೋಧಕಿಯದೇ, ಪ್ರೊಫೆಸರ್ ಆಗಲಿಲ್ಲ.

ಹೊಗಳುವಾಗಲೂ ಲೆಕ್ಕ ತಪ್ಪಬಾರದು

ಎಲೆನ್ ಬಗ್ಗೆ ಹರಿದಾಡುವ ಕೆಲವು ಮಾತುಗಳನ್ನೂ ಸರಿಮಾಡಿಕೊಳ್ಳೋಣ.

ಇಕಾಲಜಿ ಎಂಬ ಪದವನ್ನು ಅವರೇ ಹುಟ್ಟುಹಾಕಿದರು ಎನ್ನುತ್ತಾರೆ. ಹಾಗಲ್ಲ. ಆ ಪದ 1866ರಲ್ಲಿ ಜರ್ಮನಿಯ ಅರ್ನ್ಸ್ಟ್ ಹೆಕೆಲ್ ಕೊಟ್ಟದ್ದು. ಮನುಷ್ಯರು ಬದುಕುವ ಪರಿಸರವನ್ನು ಅಭ್ಯಾಸ ಮಾಡುವ ವಿಜ್ಞಾನಕ್ಕೆ ಆ ಹೆಸರಿಡೋಣ ಎಂದು ಎಲೆನ್ 1892ರಲ್ಲಿ ಬಾಸ್ಟನ್ನಿನಲ್ಲಿ ಸೂಚಿಸಿದರು, ಅಷ್ಟೇ.

ಆ ಸಾವಿರಾರು ಪರೀಕ್ಷೆಗಳನ್ನು ಒಬ್ಬರೇ ಮಾಡಿದರು ಎಂಬುದೂ ಸರಿಯಲ್ಲ. ಅದು ತಂಡದ ಕೆಲಸ. ಹಾಗೆಂದು ಅವರ ಪಾಲು ಚಿಕ್ಕದಾಗುವುದಿಲ್ಲ. ಒಂದೊಂದು ಬಾಟಲಿಯ ಅಂಕಿಯೂ ನಂಬುವಂತೆ ಇದ್ದುದರಿಂದಲೇ ನಕ್ಷೆಯ ಗೆರೆಗಳು ನೇರವಾಗಿ ಬಂದವು. ಹತ್ತು ಬಾಟಲಿಯ ಲೆಕ್ಕ ತಪ್ಪಿದ್ದರೂ ಚಿತ್ರ ಕಲಸಿಹೋಗುತ್ತಿತ್ತು.

ನಮ್ಮ ಮನೆಯ ನೀರಿಗೆ ಇದರಿಂದ ಏನು ಪ್ರಯೋಜನ?

ಇವತ್ತು ಅನೇಕ ಮನೆಗಳಲ್ಲಿ ಪೆನ್ನಿನಂಥ ಟಿಡಿಎಸ್ ಮೀಟರ್ ಇದೆ. ಅದು ತೋರಿಸುವುದು ನೀರಿನಲ್ಲಿ ಒಟ್ಟು ಎಷ್ಟು ಲವಣ ಕರಗಿದೆ ಎಂಬ ಅಂದಾಜನ್ನು ಮಾತ್ರ, ಅದೂ ಕರೆಂಟ್ ಎಷ್ಟು ಹರಿಯುತ್ತದೆ ಎಂಬುದನ್ನು ನೋಡಿ. ಯಾವ ಲವಣ ಎಂದು ಅದಕ್ಕೆ ತಿಳಿಯದು. ರೋಗಾಣು ಅದಕ್ಕೆ ಕಾಣುವುದಿಲ್ಲ.

ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಒಂದು ಲೀಟರಿನಲ್ಲಿ ಟಿಡಿಎಸ್ 500 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರು ಸಿಗದಿದ್ದರೆ 2000ದವರೆಗೂ ನಡೆಯುತ್ತದೆ. ಫ್ಲೋರೈಡ್‌ಗೆ ಇರುವ ಗರಿಷ್ಠ ಮಿತಿ ಬರೀ 1.5 ಮಿಲಿಗ್ರಾಂ. ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ತೊಂದರೆ ಇರುವುದು ಎಲ್ಲರಿಗೂ ಗೊತ್ತು. ಟಿಡಿಎಸ್ 400 ಎಂದು ಮೀಟರ್ ತೋರಿಸಿದ ನೀರಿನಲ್ಲೂ 3 ಮಿಲಿಗ್ರಾಂ ಫ್ಲೋರೈಡ್ ಇರಬಹುದು. ಮೀಟರ್ ನಂಬಿ ಕುಡಿದರೆ ಹಲ್ಲು, ಮೂಳೆಗೆ ತೊಂದರೆ ತಪ್ಪಿದ್ದಲ್ಲ. ಇನ್ನೊಂದು ಬಾವಿಯ ಟಿಡಿಎಸ್ 800 ಇದ್ದರೂ ಅದು ಬರೀ ಗಡಸು ನೀರಾಗಿರಬಹುದು.

ಹಾಗಾಗಿ ನಾವು ಹೇಳುವುದು ಇಷ್ಟು. ನಿಮ್ಮ ಬಾವಿ ಅಥವಾ ಬೋರ್‌ವೆಲ್ ನೀರನ್ನು ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ, ರೋಗಾಣುವಿನ ಪರೀಕ್ಷೆಯೂ ಸೇರಿರಲಿ. ರಿಪೋರ್ಟನ್ನು ಎಸೆಯಬೇಡಿ, ಅದೇ ನಿಮ್ಮ ಬಾವಿಯ ಸಹಜ ಮಟ್ಟದ ದಾಖಲೆ. ಮಳೆಗಾಲದ ನಂತರ ಮತ್ತೊಮ್ಮೆ ಮಾಡಿಸಿ ಹೋಲಿಸಿ. ಕ್ಲೋರೈಡ್ ಮತ್ತು ನೈಟ್ರೇಟ್ ಎರಡೂ ಒಟ್ಟಿಗೆ ಏರಿದ್ದರೆ, ಅಥವಾ ಅಕ್ಕಪಕ್ಕದ ಬಾವಿಗಳಿಗಿಂತ ನಿಮ್ಮಲ್ಲಿ ಬಹಳ ಹೆಚ್ಚಿದ್ದರೆ, ಹತ್ತಿರದಲ್ಲಿ ಶೌಚಾಲಯದ ಗುಂಡಿ, ಒಡೆದ ಚರಂಡಿ, ಕೊಟ್ಟಿಗೆಯ ತಿಪ್ಪೆ ಇದೆಯೇ ನೋಡಿ. ನೈಟ್ರೇಟ್ ಮಾತ್ರ ಏರಿದ್ದರೆ ಹೊಲಕ್ಕೆ ಹಾಕಿದ ಗೊಬ್ಬರವೂ ಕಾರಣ ಇರಬಹುದು. ಕಾರಣ ತಿಳಿಯುವವರೆಗೆ ನೀರನ್ನು ಚೆನ್ನಾಗಿ ಕುದಿಸಿ ಕುಡಿಯಿರಿ. ಕುದಿಸಿದರೆ ರೋಗಾಣು ಸಾಯುತ್ತದೆ. ಆದರೆ ನೈಟ್ರೇಟ್, ಫ್ಲೋರೈಡ್ ಹೋಗುವುದಿಲ್ಲ. ಅವು ಮಿತಿ ಮೀರಿದ್ದರೆ ಬೇರೆ ನೀರೇ ಬೇಕು, ಅದರಲ್ಲೂ ಹಸುಗೂಸಿನ ಹಾಲಿನ ಪುಡಿ ಕಲಸಲು ನೈಟ್ರೇಟ್ ಹೆಚ್ಚಿರುವ ನೀರನ್ನು ಬಳಸಲೇಬಾರದು.

ಜಲ ಜೀವನ್ ಮಿಷನ್ ಯೋಜನೆಯಲ್ಲಿ ಹಳ್ಳಿಯ ಹೆಣ್ಣುಮಕ್ಕಳಿಗೇ ಸಣ್ಣ ಕಿಟ್ ಕೊಟ್ಟು ನೀರಿನ ಪರೀಕ್ಷೆ ಕಲಿಸುತ್ತಾರೆ. ಕ್ಲೋರೈಡ್, ನೈಟ್ರೇಟ್, ಫ್ಲೋರೈಡ್ ನೋಡುವುದೂ ಅದರಲ್ಲಿ ಸೇರಿದೆ. ನಿಮ್ಮ ಊರಿನಲ್ಲಿ ಆ ಕಿಟ್ ಯಾರ ಬಳಿ ಇದೆ ಎಂದು ಗ್ರಾಮ ಪಂಚಾಯಿತಿಯಲ್ಲಿ ಕೇಳಿ. ಕಂದು ನೀರಿನ ವಿಡಿಯೊ ಮತ್ತೆ ಗ್ರೂಪಿಗೆ ಬಂದರೆ, ಅದರ ಕೆಳಗೆ ಆ ಮಾಹಿತಿ ಹಾಕಿ.